ಗೂಡಿಗೆ ಬಂದ ಹೊಸ ಕೋಳಿ



ಇತಿಹಾಸದ ಅಧ್ಯಾಪಕನೊಬ್ಬನು ಕೋಳಿಗಳ ವಿಷಯವಾಗಿ ಮಾತನಾಡುವನೆಂದು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಕದಂಬರನ್ನೂ ಚಾಲುಕ್ಯರನ್ನೂ ಹೊಯ್ಸಳರನ್ನೂ ಬಿಟ್ಟು ಹಿತ್ತಿಲಿನ ಗೂಡಿಗೆ ಇಳಿಯುವಂಥದು ಈತನಿಗೆ ಏನು ಬಂತು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಸಾಹಿತ್ಯದಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದ ಕೋಳಿಯೆಂದರೆ ಜನ್ನನ ‘ಯಶೋಧರ ಚರಿತೆ’ಯ ಕೋಳಿ, ಅದೂ ಹಿಟ್ಟಿನಿಂದ ಮಾಡಿದ್ದು. ಕಾಳು ಹೆಕ್ಕುವ ಕೋಳಿಗೆ ಚರಿತ್ರೆಯೊಂದುಂಟು, ಆ ಚರಿತ್ರೆಯನ್ನು ಅರಿಯದವನು ತಾನೂ ಕೆಟ್ಟು ನೆರೆಯವರನ್ನೂ ಕೆಡಿಸಬಲ್ಲನು ಎಂಬುದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಆದುದರಿಂದ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಿತ್ತಿಲಿನಲ್ಲಿ ಐದು ಹೇಂಟೆಗಳೂ ಒಂದು ಹುಂಜವೂ ಇದ್ದವು. ಒಂದು ದಿನ ಸಂತೆಯಿಂದ ಮತ್ತೆ ಮೂರು ಹೇಂಟೆಗಳನ್ನು ಕೊಂಡು ತಂದು, ಕಾಲಿನ ಕಟ್ಟನ್ನು ಬಿಚ್ಚಿ, ಹಾಡುಹಗಲಿನಲ್ಲಿ ಹಳೆಯವುಗಳ ನಡುವೆ ಬಿಟ್ಟೆನು. ಎಲ್ಲವೂ ಒಂದೇ ಜಾತಿಯ ಹಕ್ಕಿಗಳು; ತಿನ್ನುವುದು ಒಂದೇ ಕಾಳು; ಕೂಡಿ ಬಾಳುವುದಕ್ಕೆ ಅಡ್ಡಿಯೇನು ಎಂಬುದು ನನ್ನ ತರ್ಕ. ಕಾಲು ಗಂಟೆಯೊಳಗಾಗಿ ಆ ತರ್ಕಕ್ಕೆ ಉತ್ತರ ಬಂತು. ಹಳೆಯ ಹೇಂಟೆಗಳು ಕತ್ತಿನ ಪುಕ್ಕವನ್ನು ಕೆದರಿಕೊಂಡು ಹೊಸಬರ ಮೇಲೆ ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಬೂದು ಬಣ್ಣದ ಹೊಸ ಹೇಂಟೆಯೊಂದು ಸೌದೆಯ ಒಟ್ಟಿಲಿನ ಸಂದಿನಲ್ಲಿ ತಲೆ ಹುದುಗಿಸಿಕೊಂಡು ನಿಂತಿತ್ತು. ಅದರ ಜುಟ್ಟು ರಕ್ತಮಯವಾಗಿತ್ತು. ನಮ್ಮ ತಾಯಿಯವರು ಅದನ್ನು ಕಂಡು, “ಹೊಸ ಕೋಳೀನ ಹಗಲೊತ್ತು ಬಿಡ್ತಾರೇನಪ್ಪಾ? ರಾತ್ರಿ ಎಲ್ಲಾ ಕೂತ್ಕೊಂಡ ಮೇಲೆ ಮೆತ್ತಗೆ ಗೂಡಿನೊಳಕ್ಕೆ ಇಡಬೇಕು” ಎಂದರು. ಅಂದು ರಾತ್ರಿ ಹಾಗೆಯೇ ಮಾಡಿದೆವು. ಜಗಳ ಸ್ವಲ್ಪ ತಗ್ಗಿತು. ನಾನು ಸಮಾಧಾನಪಟ್ಟುಕೊಂಡೆನು.

ವಾರ ಕಳೆಯುವಷ್ಟರಲ್ಲಿ ಆ ಮೂರರಲ್ಲೊಂದು ಬಾಯಿ ತೆರೆದು ಉಸಿರಾಡತೊಡಗಿತು, ಹಿಕ್ಕೆ ಹಸಿರಾಯಿತು, ಕತ್ತು ತಿರುಚಿಕೊಂಡಿತು. ಆ ಮೇಲೆ ಒಂದಾದ ಮೇಲೊಂದು. ನಮ್ಮ ಗೂಡಿನಲ್ಲಿ ಒಂದೇ ಒಂದು ಹೇಂಟೆ ಉಳಿಯಿತು. ಅಷ್ಟಕ್ಕೇ ಮುಗಿದಿದ್ದರೆ ಈ ಮಾತನ್ನು ನಾನು ಇಲ್ಲಿ ಎತ್ತುತ್ತಿರಲಿಲ್ಲ. ಓಣಿಯಾಚೆ ಮೊಟ್ಟೆ ಮಾರಿ ಮನೆವಾರ್ತೆಯ ಅರ್ಧವನ್ನು ತೂಗಿಸುತ್ತಿದ್ದ ಒಬ್ಬ ಹೆಂಗಸಿನ ಮನೆಯಿತ್ತು. ಆಕೆಯ ಕೋಳಿಗಳೂ ನಮ್ಮವೂ ಒಂದೇ ತಿಪ್ಪೆಯನ್ನು ಕೆದಕುತ್ತಿದ್ದವು. ಆಕೆಯ ಹನ್ನೊಂದು ಕೋಳಿಗಳೂ ಹತ್ತು ದಿನಗಳಲ್ಲಿ ಸತ್ತುಹೋದವು. ನಾನು ಬೆಲೆ ಕೊಡಲು ಹೋದಾಗ ಆಕೆ ತೆಗೆದುಕೊಂಡಳು, ಎಣಿಸಿಕೊಂಡಳು. ಆ ಮೇಲೆ, “ಕಾವು ಕೂತಿದ್ದ ಹೇಂಟೆ ಒಂದಿತ್ತು ಮೇಷ್ಟ್ರೇ. ಅದರ ಕೆಳಗಿದ್ದ ಮೊಟ್ಟೆಗಳೂ ಹೋದವು” ಎಂದಳು. ಅದಕ್ಕೆ ನಾನು ಬೆಲೆ ಕಟ್ಟಿರಲಿಲ್ಲ.

ನನಗೆ ಅಂದು ತಿಳಿಯದಿದ್ದ ಸಂಗತಿಗಳು ಎರಡು. ಹೊಸ ಕೋಳಿಯು ಹಳೆಯ ಗುಂಪಿಗೆ ಪರಕೀಯವೆಂಬುದು ಒಂದು. ಅದು ಬರುವಾಗ ಒಂಟಿಯಾಗಿ ಬರುವುದೆಂದು ನಂಬತಕ್ಕದ್ದಲ್ಲವೆಂಬುದು ಇನ್ನೊಂದು. ಮೊದಲನೆಯದರ ಕಾರಣವು ನಾರ್ವೆ ದೇಶದ ಒಂದು ಹಿತ್ತಿಲಿನಲ್ಲಿ ಬಯಲಾಯಿತು. ಎರಡನೆಯದಕ್ಕೆ ನಮ್ಮ ದೇಶದಲ್ಲಿ ಹೆಸರು ಕೊಟ್ಟದ್ದು ಹಿಮಾಲಯದ ಒಂದು ಊರು. ಇವೆರಡರ ನಡುವಣ ಅಂತರ ಹತ್ತು ವರ್ಷಗಳೂ ಇಲ್ಲ. ಆದರೆ ಅಲ್ಲಿಯವರೆಗೆ ಬರಲು ಮನುಷ್ಯನಿಗೆ ಮೂರು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು.

ಊರುಕೋಳಿಯ ಮೂಲಪುರುಷನು ಕೆಂಪು ಕಾಡುಕೋಳಿಯೆಂದು ಡಾರ್ವಿನ್ ಮಹಾಶಯನು ೧೮೬೮ರ ತನ್ನ ಗ್ರಂಥದಲ್ಲಿ ಹೇಳಿದನು. ಆ ಮಾತು ಬಹುಮಟ್ಟಿಗೆ ನಿಂತಿದೆ. ಬಹುಮಟ್ಟಿಗೆ ಎಂದೆ, ಏಕೆಂದರೆ ನಮ್ಮ ಪಶ್ಚಿಮ ಘಟ್ಟಗಳ ಬೂದು ಕಾಡುಕೋಳಿಗೂ ಇದರಲ್ಲಿ ಪಾಲುಂಟು: ಅನೇಕ ಸಾಕುಕೋಳಿಗಳ ಕಾಲಿನಲ್ಲಿಯೂ ಚರ್ಮದಲ್ಲಿಯೂ ಕಾಣುವ ಹಳದಿ ಬಣ್ಣವು ಈ ಬೂದು ಕೋಳಿಯ ಕಡೆಯಿಂದ ಬಂದುದೆಂದು ೨೦೦೮ರಲ್ಲಿ ಸ್ವೀಡನ್ನಿನ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಸಾಧಿಸಿ ತೋರಿಸಿದರು. ಕೊಡಗಿನಲ್ಲಿಯೋ ಮಲೆನಾಡಿನಲ್ಲಿಯೋ ಮುಂಜಾನೆ ಕಾಡುಕೋಳಿಯ ಕೂಗನ್ನು ಕೇಳಿದವರು ಈ ಸಂಬಂಧವನ್ನು ನೆನೆದುಕೊಳ್ಳಬಹುದು. ಮೊಹೆಂಜೊದಾರೊ ಪಟ್ಟಣದವರೇ ಮೊದಲು ಕೋಳಿ ಸಾಕಿದರೆಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ್ದೆವು; ಈಗ ಅದರಲ್ಲಿ ಒಮ್ಮತವಿಲ್ಲ. ಥೈಲ್ಯಾಂಡ್ ದೇಶದ ಬಾನ್ ನೋನ್ ವಾಟ್ ಎಂಬಲ್ಲಿ ದೊರೆತ ಎಲುಬುಗಳೇ, ಕ್ರಿಸ್ತಪೂರ್ವ ೧೬೫೦ರಿಂದ ೧೨೫೦ರ ನಡುವಿನವು, ನಿಸ್ಸಂದೇಹವಾಗಿ ಸಾಕುಕೋಳಿಯವೆನ್ನಬಹುದಾದ ಅತ್ಯಂತ ಹಳೆಯವು ಎಂದು ೨೦೨೨ರಲ್ಲಿ ಪ್ರಕಟವಾಯಿತು. ಬತ್ತ ನವಣೆಗಳ ಬೆಳೆ ಬಂದಲ್ಲಿಗೆ ಕಾಡುಕೋಳಿ ತಾನಾಗಿಯೇ ಕಾಳಿಗೆ ಇಳಿದು ಬಂದಿತೆಂದು ಅವರ ಊಹೆ. ಇದು ನನಗೆ ಒಪ್ಪುವ ಮಾತು. ಈಗಲೂ ಒಕ್ಕಣೆಯ ಕಣಕ್ಕೆ ಕೋಳಿಗಳನ್ನು ಯಾರೂ ಕರೆಯಬೇಕಾಗಿಲ್ಲ.

ಕಾಡಿನಲ್ಲಿ ಈ ಹಕ್ಕಿಗಳು ಸಣ್ಣ ಸಣ್ಣ ಗುಂಪುಗಳಾಗಿ, ತಮ್ಮ ತಮ್ಮ ಎಲ್ಲೆಯನ್ನು ಹಿಡಿದು ಬಾಳುತ್ತವೆ. ಸೋತ ಹಕ್ಕಿಗೆ ಓಡುವುದಕ್ಕೆ ಕಾಡೆಲ್ಲ ಇದೆ. ಬೇಲಿಯನ್ನೂ ಗೂಡನ್ನೂ ಕಟ್ಟಿದವನು ಮನುಷ್ಯ. ಸೋತದ್ದಕ್ಕೆ ಓಡುವ ದಾರಿಯನ್ನು ಮುಚ್ಚಿದವನೂ ಅವನೇ. ಹಿತ್ತಿಲಿನ ಜಗಳದಲ್ಲಿ ರಕ್ತ ಬರುವುದು ಇದರಿಂದ.

ಜಗಳವನ್ನು ಪ್ರಾಚೀನರೂ ಕಂಡಿದ್ದರು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಬೇಸಾಯಶಾಸ್ತ್ರವನ್ನು ಬರೆದ ರೋಮನ್ ಲೇಖಕ ಕೊಲುಮೆಲ್ಲನು ಎಂಟನೆಯ ಸಂಪುಟದಲ್ಲಿ ಕೋಳಿಗಳನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾನೆ. ಇತರ ಹುಂಜಗಳನ್ನು ಹೇಂಟೆಗಳ ಹತ್ತಿರ ಸುಳಿಯಗೊಡದ ಪುಂಡ ಹುಂಜಕ್ಕೆ ಆತನು ಹೇಳುವ ಮದ್ದು ಇದು: ಚರ್ಮವನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಅದರೊಳಗೆ ಹುಂಜದ ಕಾಲನ್ನು ತೂರಿಸಿಬಿಡತಕ್ಕದ್ದು, ಅದು ಬೇಡಿಯಂತೆ ಅದರ ಸೊಕ್ಕನ್ನು ತಡೆಯುವುದು. ರೋಮನ್ನರಿಗೆ ತಕ್ಕ ಉಪಾಯವೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಜಗಳವಾಡುವವನಿಗೆ ಬೇಡಿ ಹಾಕಿದರು, ಜಗಳವೇಕೆಂದು ಕೇಳಲಿಲ್ಲ.

ಅಲ್ಲಿಂದ ಮುಂದೆ ಹದಿನೆಂಟು ಶತಮಾನಗಳನ್ನು ಒಂದೇ ಉಸಿರಿಗೆ ದಾಟಿದರೆ ನಷ್ಟವೇನಿಲ್ಲ. ೧೮೪೦ರ ದಶಕದಲ್ಲಿ ಚೀಣಾ ದೇಶದ ದೊಡ್ಡ ಗಾತ್ರದ ಕೋಳಿಗಳು ಹಡಗುಗಳಲ್ಲಿ ಇಂಗ್ಲೆಂಡಿಗೂ ಅಮೆರಿಕಾಕ್ಕೂ ಬಂದಿಳಿದವು. ವಿಕ್ಟೋರಿಯಾ ರಾಣಿಯೇ ಅವನ್ನು ಸಾಕಿದಳೆಂದ ಮೇಲೆ ಕೇಳಬೇಕೆ? ೧೮೪೯ರಲ್ಲಿ ಬಾಸ್ಟನ್ ನಗರದಲ್ಲಿ ಕೋಳಿಗಳ ಪ್ರದರ್ಶನವೇ ನಡೆಯಿತು. ಆ ಹುಚ್ಚಿನಲ್ಲಿ ಹಣ ಮಾಡಿದ ಜಾರ್ಜ್ ಬರ್ನ್‌ಹ್ಯಾಮ್ ಎಂಬಾತನು ೧೮೫೨ರಲ್ಲಿ ರಾಣಿಗೆ ಕೋಳಿಗಳನ್ನು ಕಾಣಿಕೆಯಾಗಿ ಕಳುಹಿಸಿ, ೧೮೫೫ರಲ್ಲಿ ಆ ಹುಚ್ಚನ್ನೇ ಲೇವಡಿ ಮಾಡಿ ಪುಸ್ತಕವನ್ನೂ ಬರೆದನು. ಶಾಂಘಾಯಿಯ ಕಡೆಯಿಂದ ಬಂದ ಕೋಳಿಗಳಿಗೆ ಅಮೆರಿಕಾದಲ್ಲಿ ನಮ್ಮ ಬ್ರಹ್ಮಪುತ್ರಾ ನದಿಯ ಹೆಸರು ಅಂಟಿಕೊಂಡದ್ದೂ ಆಗಲೇ. ಇಂದಿಗೂ ಆ ತಳಿಗೆ ಬ್ರಹ್ಮಾ ಎಂದೇ ಹೆಸರು. ಹಿಂದೆಂದೂ ಇಲ್ಲದಷ್ಟು ಕೋಳಿಗಳು ಹಿಂದೆಂದೂ ಇಲ್ಲದಷ್ಟು ದೂರ ಸಾಗಿ ಅಪರಿಚಿತವಾದ ಗೂಡುಗಳನ್ನು ಹೊಕ್ಕವು. ಹೊಸ ಕೋಳಿ ಏಟು ತಿನ್ನುತ್ತದೆಂಬುದು ಸಾಕುವವರಿಗೆಲ್ಲ ಗೊತ್ತಿತ್ತು. ಏಟುಗಳನ್ನು ಎಣಿಸಿ ಬರೆದಿಟ್ಟು ಹೆಸರಾದವನು ಮಾತ್ರ ಒಬ್ಬ ಹುಡುಗ.

ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ ೧೮೯೪ರಲ್ಲಿ, ಈಗ ಓಸ್ಲೋ ಎನ್ನುವ ಕ್ರಿಸ್ತಿಯಾನಿಯಾ ನಗರದಲ್ಲಿ ಹುಟ್ಟಿದನು. ತಂದೆ ತಾಯಿಗಳಿಬ್ಬರೂ ಶಿಲ್ಪಿಗಳು. ಬೇಸಗೆಯಲ್ಲಿ ಕುಟುಂಬವು ಹೋಗಿ ಇರುತ್ತಿದ್ದ ಹಳ್ಳಿಯ ಮನೆಯಲ್ಲಿ ಕೋಳಿಗಳಿದ್ದವು. ಇತರ ಹುಡುಗರು ಅಟ್ಟಿಸಿಕೊಂಡು ಓಡಾಡುವ ಕೋಳಿಗಳನ್ನು ಈ ಹುಡುಗನು ಕುಳಿತು ನೋಡಿದನು. ಒಂದೊಂದನ್ನೂ ಮುಖದಿಂದ ಗುರುತಿಸಿದನು. ಹತ್ತು ವರ್ಷದವನಿರುವಾಗಲೇ ಯಾವುದು ಯಾವುದನ್ನು ಕುಕ್ಕಿತೆಂದು ಬರೆದಿಡತೊಡಗಿದನು. ವರ್ಷಗಟ್ಟಲೆ ಬರೆದ ಮೇಲೆ ಕಂಡದ್ದೇನೆಂದರೆ, ಕುಕ್ಕುವುದು ಯದ್ವಾತದ್ವಾ ನಡೆಯುವುದಲ್ಲ. ಎರಡು ಕೋಳಿಗಳನ್ನು ತೆಗೆದುಕೊಂಡರೆ ಅವುಗಳಲ್ಲಿ ಒಂದು ಕುಕ್ಕತಕ್ಕದ್ದು, ಇನ್ನೊಂದು ಕುಕ್ಕಿಸಿಕೊಳ್ಳತಕ್ಕದ್ದು. ಇದು ಮೊದಲ ಭೇಟಿಯ ಕಾಳಗದಲ್ಲಿಯೋ, ಕಾಳಗವಿಲ್ಲದೆ ಒಂದು ಹೆದರಿ ಸರಿದುದರಿಂದಲೋ ಗೊತ್ತಾಗಿ, ಮುಂದೆ ಬಹುಕಾಲ ಹಾಗೆಯೇ ನಡೆಯುತ್ತದೆ. ಎಲ್ಲವನ್ನೂ ಕುಕ್ಕಬಲ್ಲದ್ದು ತುದಿಯಲ್ಲಿ, ಎಲ್ಲದರಿಂದಲೂ ಕುಕ್ಕಿಸಿಕೊಳ್ಳುವುದು ಬುಡದಲ್ಲಿ. ಕೆಲವು ಸಲ ಶ್ರೇಣಿಯು ಸುತ್ತಿಕೊಳ್ಳುವುದೂ ಉಂಟು: ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ ಕುಕ್ಕಿದರೆ, ಮೂರನೆಯದು ಹೋಗಿ ಮೊದಲನೆಯದನ್ನೇ ಕುಕ್ಕುತ್ತದೆ! ೧೯೨೧ರಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾನಿಲಯಕ್ಕೆ ಆತನು ಒಪ್ಪಿಸಿದ ಪ್ರಬಂಧದಲ್ಲಿಯೂ, ೧೯೨೨ರಲ್ಲಿ ಜರ್ಮನ್ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಬಂದ ಲೇಖನದಲ್ಲಿಯೂ ಇದೆಲ್ಲ ಇದೆ. ‘ಕುಕ್ಕುವ ಶ್ರೇಣಿ’ ಎಂಬ ಮಾತು ಜರ್ಮನ್ ಭಾಷೆಯಿಂದ ಹೊರಟು ಇಂದು ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ, ಕೋಳಿಯನ್ನು ಹತ್ತಿರದಿಂದ ನೋಡದವರ ಬಾಯಲ್ಲಿಯೂ ಓಡಾಡುತ್ತಿದೆ. ಮಾತನ್ನು ಕೊಟ್ಟ ಮನುಷ್ಯನಿಗೆ ಸ್ವದೇಶದ ವಿಶ್ವವಿದ್ಯಾನಿಲಯದಲ್ಲಿ ಪೀಠ ದೊರೆಯಲಿಲ್ಲ; ವಿದ್ವಾಂಸರ ಶ್ರೇಣಿಯಲ್ಲಿ ಆತನನ್ನು ಕುಕ್ಕಿದವರೇ ಹೆಚ್ಚು. ೧೯೭೬ರಲ್ಲಿ ತೀರಿಕೊಂಡನು.

ಆತನು ಒಂದು ಹೆಜ್ಜೆ ಮುಂದೆ ಹೋಗಿ, ನಿರಂಕುಶ ಪ್ರಭುತ್ವವೇ ಹಕ್ಕಿಗಳ ಸಮಾಜದ, ಅಷ್ಟೇ ಏಕೆ, ಲೋಕದ ಮೂಲನಿಯಮವೆಂದು ಭಾವಿಸಿದನು. ಇಲ್ಲಿ ನಾನು ಆತನನ್ನು ಹಿಂಬಾಲಿಸಲಾರೆ. ಕೋಳಿಗೂಡಿನಿಂದ ನೇರವಾಗಿ ಅರಮನೆಗೆ ಜಿಗಿಯುವ ಸಿದ್ಧಾಂತಗಳನ್ನು ಕಂಡರೆ ಇತಿಹಾಸ ಓದಿದವನಿಗೆ ಅಂಜಿಕೆ. ಅದಲ್ಲದೆ ಗೂಡಿನಲ್ಲಿಯೇ ಬೇರೊಂದು ಸಂಗತಿಯಿತ್ತು. ಅದನ್ನು ಕಂಡವರು ಅಮೆರಿಕಾದ ಅಲೀ ಮತ್ತು ಗುಲ್ ಎಂಬ ಪ್ರಾಣಿಶಾಸ್ತ್ರಜ್ಞರು. ಅವರು ೧೯೪೪ರಲ್ಲಿ ಪ್ರಕಟಿಸಿದ ಪ್ರಯೋಗವು ನಮ್ಮ ಇಂದಿನ ವಿಷಯವೇ. ಕೆಲವು ಗುಂಪುಗಳನ್ನು ಕದಲಿಸದೆ ಬಿಟ್ಟರು. ಬೇರೆ ಗುಂಪುಗಳಿಂದ ಹಳೆಯ ಹೇಂಟೆಯನ್ನು ತೆಗೆಯುತ್ತ ಹೊಸದನ್ನು ಸೇರಿಸುತ್ತ ಹೋದರು. ಕದಲದ ಗುಂಪಿನ ಹೇಂಟೆಗಳು ಕಡಮೆ ಕುಕ್ಕಿದವು, ಹೆಚ್ಚು ತಿಂದವು, ಮೈ ತೂಕವನ್ನು ಕಾಪಾಡಿಕೊಂಡವು, ಹೆಚ್ಚು ಮೊಟ್ಟೆಯಿಟ್ಟವು. ಎಂದರೆ, ಶ್ರೇಣಿಯೆಂಬುದು ಕುಕ್ಕುವುದನ್ನು ಹೆಚ್ಚಿಸುವ ಏರ್ಪಾಡಲ್ಲ, ತಗ್ಗಿಸುವ ಏರ್ಪಾಡು. ತನ್ನ ಸ್ಥಾನ ಗೊತ್ತಿರುವ ಹೇಂಟೆ ಸುಮ್ಮನೆ ಸರಿದು ನಿಲ್ಲುತ್ತದೆ. ಕುಕ್ಕುವ ಪ್ರಮೇಯವೇ ಬರುವುದಿಲ್ಲ. ಹೊಸ ಕೋಳಿಗೆ ಸ್ಥಾನವಿಲ್ಲ. ಆದುದರಿಂದ ಅದು ಪ್ರತಿಯೊಂದು ಹಳೆಯ ಕೋಳಿಯೊಡನೆಯೂ ಬೇರೆ ಬೇರೆಯಾಗಿ ಲೆಕ್ಕ ತೀರಿಸಿಕೊಳ್ಳಬೇಕು. ಅದೂ ಪರಸ್ಥಳದಲ್ಲಿ, ಬೆದರಿದ ಸ್ಥಿತಿಯಲ್ಲಿ. ನನ್ನ ಬೂದು ಹೇಂಟೆ ಒಂದೇ ಹಗಲಿನಲ್ಲಿ ಐದು ಯುದ್ಧಗಳನ್ನು ಮಾಡಬೇಕಾಗಿತ್ತು.

ಕೋಳಿಯು ಕೋಳಿಯನ್ನು ಗುರುತಿಸುವುದು ಮುಖ್ಯವಾಗಿ ತಲೆಯನ್ನೂ ಕತ್ತನ್ನೂ ನೋಡಿ. ಜುಟ್ಟಿನ ರೂಪವನ್ನು ಬದಲಾಯಿಸಿ ಬಿಟ್ಟರೆ ನಿನ್ನೆಯ ಗೆಳತಿಯನ್ನೂ ಅಪರಿಚಿತಳೆಂದು ಹೊಡೆಯುತ್ತವೆಂದು ಗುಲ್ ಮಹಾಶಯನು ೧೯೫೩ರಲ್ಲಿ ಇನ್ನೊಬ್ಬರೊಡನೆ ಸೇರಿ ತೋರಿಸಿದನು. ಎರಡು ಮೂರು ವಾರ ಕಣ್ಣಿಗೆ ಬೀಳದಿದ್ದರೆ ಹಳೆಯ ಪರಿಚಯವೂ ಅಳಿಸಿಹೋಗಬಹುದು. ಈಗ ನಮ್ಮ ತಾಯಿಯವರ ಮಾತಿನ ಅರ್ಥ ತಿಳಿಯುತ್ತದೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಿಸದು, ಕಾಣದುದರೊಡನೆ ಜಗಳವಿಲ್ಲ. ಆದರೆ ಬೆಳಗಾದೊಡನೆ ಮುಖ ಕಾಣಿಸುತ್ತದೆ. ರಾತ್ರಿಯ ಉಪಾಯವು ಜಗಳವನ್ನು ಮುಂದೂಡಿ ಮೊನೆ ಮುರಿಯುವುದೇ ಹೊರತು ತಪ್ಪಿಸುವುದಿಲ್ಲ. ಅದಕ್ಕಿಂತ ಮೊದಲು ಒಂದು ವಾರವಾದರೂ ತಂತಿಯ ಬಲೆಯನ್ನು ನಡುವೆ ಕಟ್ಟಿ, ಒಂದನ್ನೊಂದು ನೋಡಲು ಬಿಟ್ಟು, ಮುಟ್ಟಲು ಬಿಡದಿರುವುದು ಮೇಲು. ಒಂಟಿ ಕೋಳಿಯನ್ನು ಸೇರಿಸುವುದಕ್ಕಿಂತ ಎರಡು ಮೂರನ್ನು ಒಟ್ಟಿಗೆ ಸೇರಿಸಿದರೆ ಏಟು ಹಂಚಿಹೋಗುತ್ತದೆ. ಕಾಳನ್ನೂ ನೀರನ್ನೂ ಎರಡು ಮೂರು ಕಡೆ ಇಡತಕ್ಕದ್ದು. ಇಲ್ಲವಾದರೆ ಹಳೆಯವು ಒಂದೇ ಬಟ್ಟಲಿನ ಮುಂದೆ ಕಾವಲು ನಿಂತು ಹೊಸವನ್ನು ಉಪವಾಸ ಕೆಡವುತ್ತವೆ. ಸಣ್ಣ ಮರಿಗಳನ್ನಂತೂ ಬೆಳೆದವುಗಳ ಗಾತ್ರಕ್ಕೆ ಬರುವವರೆಗೆ ಬಿಡಕೂಡದು. ಅವುಗಳ ಪಾಲಿಗೆ ಅದು ಜಗಳವಲ್ಲ, ಕೊಲೆ.

ಆದರೆ ತಂತಿಯ ಬಲೆಯು ಕೊಕ್ಕನ್ನು ತಡೆದೀತು, ಉಸಿರನ್ನು ತಡೆಯದು. ಇನ್ನು ಎರಡನೆಯ ಸಂಗತಿಗೆ ಬರುತ್ತೇನೆ.

೧೯೨೬ರಲ್ಲಿ ಒಂದು ಹೊಸ ವ್ಯಾಧಿ ಜಾವಾ ದ್ವೀಪದ ಕೋಳಿಗಳಲ್ಲಿ ಕಂಡುಬಂತು. ಅದೇ ವರ್ಷ ಇಂಗ್ಲೆಂಡಿನ ನ್ಯೂಕ್ಯಾಸಲ್ ಎಂಬ ಬಂದರಿನ ಬಳಿಯೂ ಕಂಡುಬಂತು. ಪೂರ್ವದೇಶಗಳ ಹಡಗಿನಲ್ಲಿ ಅದು ಅಲ್ಲಿಗೆ ಬಂದಿಳಿದಿರಬಹುದೆಂದು ಊಹಿಸಿದವರುಂಟು. ಮರುವರ್ಷ ಡಾಯ್ಲ್ ಎಂಬ ವೈದ್ಯನು ಅದನ್ನು ವರ್ಣಿಸಿ ಊರಿನ ಹೆಸರನ್ನೇ ಇಟ್ಟನು. ೧೯೨೭ರಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತ್ ಪಟ್ಟಣದಲ್ಲಿ ಕೋಳಿಗಳು ಸಾಯತೊಡಗಿದವು. ಅದೇ ಬೆಟ್ಟಗಳ ಸಾಲಿನಲ್ಲಿರುವ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದ ಎಡ್ವರ್ಡ್ಸ್ ಎಂಬಾತನು ೧೯೨೮ರಲ್ಲಿ ಅದನ್ನು ವರದಿ ಮಾಡಿದನು. ಹಿಂದೂದೇಶದಲ್ಲಿ ಅದು ಅಂದಿನಿಂದ ‘ರಾಣಿಖೇತ್ ರೋಗ’ವಾಯಿತು. ನಮ್ಮ ರೈತರು ಕೊಕ್ಕರೆ ರೋಗವೆನ್ನುತ್ತಾರೆ. ಯಾವ ತಪ್ಪೂ ಮಾಡದ ಒಂದು ಸುಂದರವಾದ ಗಿರಿಪಟ್ಟಣವು ಸತ್ತ ಕೋಳಿಗಳಿಗೆ ಹೆಸರಾಗಿ ಉಳಿದದ್ದು ದುರದೃಷ್ಟವೇ ಸರಿ.

ಆ ಮುಕ್ತೇಶ್ವರದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಸಂಶೋಧನಾಲಯವು ೧೮೮೯ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಜನನಿಬಿಡವಾದ ಊರಿನಲ್ಲಿ ಅಂಟುರೋಗದ ಕ್ರಿಮಿಗಳನ್ನು ಇಟ್ಟುಕೊಂಡು ಕೆಲಸ ಮಾಡುವುದು ಅಪಾಯವೆಂದು ೧೮೯೩ರಲ್ಲಿ ಅದನ್ನು ಹಿಮಾಲಯದ ಏಕಾಂತಕ್ಕೆ ಸಾಗಿಸಿದರು. ೧೩೭೭ರಲ್ಲಿ ರಗೂಸಾ ಪಟ್ಟಣದವರು ಪ್ಲೇಗಿನ ಸೀಮೆಯಿಂದ ಬಂದವರನ್ನು ಮೂವತ್ತು ದಿನ ಊರ ಹೊರಗೆ ನಿಲ್ಲಿಸಿದರೆಂದು ನಾನು ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಹಾಗೆ ಪಾಠ ಹೇಳಿದ ಕೈಯಿಂದಲೇ ಸಂತೆಯ ಕೋಳಿಯ ಕಟ್ಟನ್ನು ಬಿಚ್ಚಿ ಗುಂಪಿಗೆ ಬಿಟ್ಟೆನಲ್ಲ!

ಈ ರೋಗವು ಕೋಳಿಯ ಮೈಹೊಕ್ಕ ಮೇಲೆ ಸಾಮಾನ್ಯವಾಗಿ ಐದಾರು ದಿನಗಳಲ್ಲಿ, ಕೆಲವು ಸಲ ಎರಡೇ ದಿನಗಳಲ್ಲಿ, ಕೆಲವು ಸಲ ಹದಿನೈದು ದಿನ ತಡೆದು ತೋರಿಕೊಳ್ಳುತ್ತದೆ. ತೀವ್ರವಾದ ಬಗೆಯಾಗಿದ್ದು, ಚುಚ್ಚುಮದ್ದು ಹಾಕಿಸದ ಕೋಳಿಗಳಾದರೆ ಗೂಡಿಗೆ ಗೂಡೇ ಬರಿದಾಗುವುದುಂಟು. ಉಸಿರಿನಿಂದ, ಹಿಕ್ಕೆಯಿಂದ, ನೀರಿನ ಬಟ್ಟಲಿನಿಂದ, ಸಾಕುವವನ ಚಪ್ಪಲಿಯಿಂದ ಹರಡುತ್ತದೆ. ಸಂತೆಯಲ್ಲಿ ಹತ್ತು ಊರುಗಳ ಕೋಳಿಗಳು ಒಂದೇ ಮಂಕರಿಯಲ್ಲಿ ಉಸಿರಾಡಿರುತ್ತವೆ. ನೋಡುವುದಕ್ಕೆ ಗಟ್ಟಿಮುಟ್ಟಾಗಿರುವ ಹೇಂಟೆಯನ್ನು ಆರಿಸಿ ತಂದೆನೆಂಬ ಜಾಣತನಕ್ಕೆ ಇಲ್ಲಿ ಬೆಲೆಯಿಲ್ಲ. ಆದಕಾರಣ ಹೊಸ ಕೋಳಿಗಳನ್ನು ನಾಲ್ಕು ವಾರ ಬೇರೆಯಾಗಿ, ದೂರದಲ್ಲಿ, ಗಾಳಿಯೂ ಕಲೆಯದಂತೆ ಇಡತಕ್ಕದ್ದು. ಹಳೆಯವಕ್ಕೆ ಕಾಳು ಹಾಕಿದ ಮೇಲೆಯೇ ಹೊಸವುಗಳ ಬಳಿಗೆ ಹೋಗತಕ್ಕದ್ದು, ಹಿಂದುಮುಂದಾಗಿ ಅಲ್ಲ. ಬಲೆಯ ಮೂಲಕ ಮುಖಪರಿಚಯ ಮಾಡಿಸುವುದು ಈ ನಾಲ್ಕು ವಾರ ಕಳೆದ ಮೇಲೆ.

ರೋಗಕ್ಕೆ ಮದ್ದಿಲ್ಲ, ತಡೆಯುಂಟು. ಹ್ಯಾಡೋ ಮತ್ತು ಇದ್ನಾನಿ ಎಂಬ ಸಂಶೋಧಕರು ೧೯೪೦ರ ದಶಕದಲ್ಲಿ ರೋಗದ ವಿಷಾಣುವನ್ನು ಮೊಟ್ಟೆಯೊಳಗಿನ ಭ್ರೂಣದಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಕ್ರೌರ್ಯವನ್ನು ತಗ್ಗಿಸಿ ಲಸಿಕೆಯನ್ನು ಮಾಡಿದರು. ಮುಕ್ತೇಶ್ವರದ ಹೆಸರು ಹೊತ್ತ ಆ ಲಸಿಕೆಯನ್ನು ಎಂಟು ವಾರ ತುಂಬಿದ ಕೋಳಿಗಳಿಗೆ ಚುಚ್ಚುವ ಪದ್ಧತಿ ನಮ್ಮ ದೇಶದಲ್ಲಿ ಇಂದಿಗೂ ಇದೆ. ರೋಗಕ್ಕೆ ಒಂದು ಬೆಟ್ಟದ ಊರು ಹೆಸರು ಕೊಟ್ಟಿತು. ತಡೆಗೆ ಅದರ ನೆರೆಯ ಊರು ಹೆಸರು ಕೊಟ್ಟಿತು. ಎರಡನೆಯ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕಳೆದ ತಿಂಗಳು ಮತ್ತೆ ನಾಲ್ಕು ಹೇಂಟೆಗಳನ್ನು ತಂದೆನು. ಹಿತ್ತಿಲಿನ ಕೊನೆಯ ಹಳೆಯ ಸೌದೆಮನೆಯಲ್ಲಿ ಅವನ್ನು ಇರಿಸಿ, ಅಲ್ಲಿಗೆಂದೇ ಬೇರೆ ಚಪ್ಪಲಿಯನ್ನೂ ಬೇರೆ ಬಟ್ಟಲನ್ನೂ ಇಟ್ಟಿದ್ದೇನೆ. ತಂದ ದಿನವೇ ಓಣಿಯಾಚೆಯ ಮನೆಗೆ ಹೋಗಿ ತಿಳಿಸಿ ಬಂದೆನು. ಆಕೆಯ ಗೂಡಿನಲ್ಲಿ ಈಗ ಒಂಬತ್ತು ಕೋಳಿಗಳಿವೆ. ಒಂದು ಕಾವು ಕೂತಿದೆ. ಮೊನ್ನೆ ಸಂಜೆ ಕಾಳು ಹಾಕಿ ಹೊರಗೆ ಬರುತ್ತಿದ್ದಾಗ ಆಕೆ ಬೇಲಿಯ ಹತ್ತಿರ ನಿಂತು, “ಎಷ್ಟು ದಿವಸ ಆಯ್ತು ಮೇಷ್ಟ್ರೇ?” ಎಂದಳು.

“ಹತ್ತೊಂಬತ್ತು” ಎಂದೆ.

“ಇನ್ನೂ ಒಂಬತ್ತು ದಿವಸ ಅದೆ” ಎಂದು ಹೇಳಿ, ತನ್ನ ಕೋಳಿಗಳನ್ನು ನಮ್ಮ ಬೇಲಿಯ ಕಡೆಯಿಂದ ಅಟ್ಟಿಕೊಂಡು ಒಳಗೆ ಹೋದಳು.